ಕೌಲೇಯಕ: ಮನೆತನಕ್ಕೆ ಸೇರಿದ ಮೂಕಜೀವಿ

ಅಮರಕೋಶವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರಿಗೆ ನಾಯಿಯ ಹೆಸರುಗಳು ಮರೆತಿರಲಾರವು. ಸಾರಮೇಯ, ಕುಕ್ಕುರ, ಮೃಗದಂಶಕ, ಶುನಕ, ಭಷಕ, ಶ್ವಾ ಎಂಬ ಈ ಸಾಲಿನ ಮೊದಲಿಗೆ ನಿಂತಿರುವ ಶಬ್ದವೇ ಕೌಲೇಯಕ. ಬೊಗಳುವುದರಿಂದ ಭಷಕ, ಮೃಗಗಳನ್ನು ಕಚ್ಚುವುದರಿಂದ ಮೃಗದಂಶಕ. ಇವು ಆ ಪ್ರಾಣಿಯ ಕ್ರಿಯೆಯಿಂದ ಬಂದ ಹೆಸರುಗಳು. ಕೌಲೇಯಕವಾದರೋ ಸಂಬಂಧದಿಂದ ಬಂದ ಹೆಸರು. ಪಾಣಿನಿ ಮಹರ್ಷಿಯು ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಕುಲ, ಕುಕ್ಷಿ, ಗ್ರೀವಾ ಎಂಬ ಮೂರು ಶಬ್ದಗಳಿಗೆ ಒಂದೇ ತದ್ಧಿತ ಪ್ರತ್ಯಯವನ್ನು ವಿಧಿಸಿ, ಅವು ಕ್ರಮವಾಗಿ ನಾಯಿ, ಕತ್ತಿ, ಆಭರಣ ಎಂಬ ಅರ್ಥಗಳನ್ನು ಕೊಡುವುವೆಂದು ಹೇಳಿದ್ದಾನೆ. ಮಗ್ಗುಲಲ್ಲಿ ತೂಗುವ ಕತ್ತಿ ಕೌಕ್ಷೇಯಕ. ಕೊರಳಲ್ಲಿ ಮೆರೆಯುವ ಒಡವೆ ಗ್ರೈವೇಯಕ. ಕುಲದಲ್ಲಿ, ಎಂದರೆ ಮನೆತನದಲ್ಲಿ, ಒಂದಾಗಿ ಬಾಳುವ ನಾಯಿ ಕೌಲೇಯಕ. ಎರಡು ಸಾವಿರ ವರ್ಷಗಳಿಗೂ ಹಿಂದಿನ ವೈಯಾಕರಣನು ನಾಯಿಯನ್ನು ಮನೆಯ ಹೊರಗಿನ ಪ್ರಾಣಿಯೆಂದು ಎಣಿಸದೆ ಕುಲಕ್ಕೆ ಸೇರಿದುದೆಂದು ಬಗೆದುದು ವಿಚಾರಾರ್ಹವಾದ ಸಂಗತಿ.

ಅದೇ ಪಾಣಿನಿಯ ಇನ್ನೊಂದು ಸೂತ್ರವನ್ನು ಕುರಿತು ಪಂಡಿತರಲ್ಲಿ ಒಂದು ಚಾಟೂಕ್ತಿ ಬಳಕೆಯಲ್ಲಿದೆ. ಗಾಜಿನ ಮಣಿಯನ್ನೂ ರತ್ನವನ್ನೂ ಚಿನ್ನವನ್ನೂ ಒಂದೇ ದಾರಕ್ಕೆ ಪೋಣಿಸುತ್ತಿದ್ದ ಹುಡುಗಿಯೊಬ್ಬಳನ್ನು ಕಂಡು ಆಕ್ಷೇಪಿಸಿದವನಿಗೆ ದೊರೆತ ಸಮಾಧಾನವೇನೆಂದರೆ, ಸರ್ವಜ್ಞನೆನಿಸಿದ ಪಾಣಿನಿಯೇ ನಾಯಿ, ಯುವಕ ಮತ್ತು ದೇವೇಂದ್ರರನ್ನು ಒಂದೇ ಸೂತ್ರದಲ್ಲಿ ಪೋಣಿಸಿರುವಾಗ ಈ ಹುಡುಗಿಯದೇನು ತಪ್ಪು? ವಿನೋದಕ್ಕಾಗಿ ಹೇಳಿದ ಮಾತೇ ಆದರೂ ಇದರ ಹಿಂದೆ ಇರುವ ಮನೋಭಾವ ವಿನೋದದ್ದಲ್ಲ. ನಾಯಿಯ ಪಕ್ಕದಲ್ಲಿ ಇಂದ್ರನು ನಿಂತರೆ ಇಂದ್ರನಿಗೆ ಅಪಮಾನವಾಯಿತೆಂದು ಲೋಕವು ತಿಳಿಯುತ್ತದೆ. ಕನ್ನಡದ ಆಡುಮಾತಿನಲ್ಲಿಯೂ ಇದೇ ಬಗೆ. ಬಡತನದ ಬಾಳು ನಾಯಿಪಾಡು. ತಿದ್ದಲಾಗದ ಸ್ವಭಾವ ನಾಯಿಬಾಲ. ಅಯೋಗ್ಯನಿಗೆ ದೊರೆತ ಪದವಿ ಸಿಂಹಾಸನದ ಮೇಲೆ ಕೂರಿಸಿದ ನಾಯಿ. ಮನೆಯನ್ನು ಕಾದವನ ಹೆಸರೇ ಬೈಗುಳವಾಯಿತು! ಉಪಕಾರವನ್ನು ಪಡೆಯುತ್ತಲೇ ಉಪಕಾರಿಯನ್ನು ಹೀನಾಯವಾಗಿ ಕಾಣುವ ಈ ವೈಪರೀತ್ಯ ಬೇರಾವ ಸಾಕುಪ್ರಾಣಿಯ ವಿಷಯದಲ್ಲಿಯೂ ಇಷ್ಟು ಢಾಳಾಗಿ ಕಾಣಿಸುವುದಿಲ್ಲ.

ಆದರೆ ಕನ್ನಡ ನಾಡಿನ ಅಂತಃಕರಣ ಬೈಗುಳದಲ್ಲಿಯೇ ಮುಗಿದುಹೋಗಿಲ್ಲ. ಅದಕ್ಕೆ ಸಾಕ್ಷಿ ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನ. ಕ್ರಿ. ಶ. 949-50ರ ಕಾಲಕ್ಕೆ ಸೇರಿದ ಈ ಶಾಸನವನ್ನು ಇತಿಹಾಸಕಾರರು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ವೃತ್ತಾಂತ ಅದರಲ್ಲಿದೆ. ಆ ಯುದ್ಧದಲ್ಲಿ ಅಪ್ರತಿಮ ಶೌರ್ಯವನ್ನು ತೋರಿದವನು ಮಣಲೆರನೆಂಬ ವೀರ. ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದಾಗ ಮಣಲೆರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಹೆಸರಿನ ಬೇಟೆನಾಯಿಯನ್ನು ಬೇಡಿದನು. ಮುಂದೆ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಹೋರಾಡಿ ಒಟ್ಟಿಗೆ ಸತ್ತವು. ಆತಕೂರಿನಲ್ಲಿ ಚಲ್ಲೇಶ್ವರನ ಗುಡಿಯ ಮುಂದೆ ಅದರ ನೆನಪಿಗಾಗಿ ಕಲ್ಲನ್ನು ನಡಿಸಿ, ಹಿರಿಯ ಕೆರೆಯ ಕೆಳಗೆ ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುವುದೆಂದು ಶಾಸನವೇ ಸಾರುತ್ತದೆ. ನಾಯಿಯೂ ಹಂದಿಯೂ ಸೆಣಸುತ್ತಿರುವ ಶಿಲ್ಪವುಳ್ಳ ಈ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲಿ ಒಂದು ಅಂಶವನ್ನು ಗಮನಿಸತಕ್ಕುದು. ಒಬ್ಬ ಚಕ್ರವರ್ತಿಯ ಜಯವೂ ಇನ್ನೊಬ್ಬ ರಾಜನ ಮರಣವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ ಬರೆಯಲ್ಪಟ್ಟಿವೆ. ಕಂಡರಿಸಿದವನಿಗೆ ಆ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಲು ಸಂಕೋಚವಾಗಲಿಲ್ಲ. ಯುದ್ಧವೀರನೊಬ್ಬನು ತನ್ನ ಜೀವವನ್ನು ಪಣವಿಟ್ಟು ಗಳಿಸಿದ ವರವನ್ನು ಒಂದು ನಾಯಿಗಾಗಿ ವೆಚ್ಚ ಮಾಡಿದನೆಂದರೆ ಆ ಪ್ರೀತಿಯ ಆಳವೆಷ್ಟಿರಬೇಕು! ದತ್ತಿಯೆಂಬುದು ಏನೆಂದು ಬಲ್ಲ ವಾಚಕರಿಗೆ, ಸತ್ತ ನಾಯಿಯ ನೆನಪಿಗೆ ಕೆರೆಯ ಕೆಳಗಣ ಗದ್ದೆಯನ್ನು ಬಿಟ್ಟುಕೊಟ್ಟ ಆ ಹಿರಿಯರ ಮನಸ್ಸು ಅರ್ಥವಾಗದಿರದು.

ಈ ಪರಂಪರೆ ಆತಕೂರಿನಲ್ಲಿಯೇ ನಿಂತುದಲ್ಲ. ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ, ಬೊಗಳುತ್ತ ದೋಣಿಯ ಪ್ರಸಾದವನ್ನು ಬಾಯಿಂದಲೇ ಸ್ವೀಕರಿಸುವುದುಂಟು. ಶರಣರ ಕಥೆಗಳಲ್ಲಿ ಹಾವಿನಹಾಳ ಕಲ್ಲಯ್ಯನು ವಿದ್ಯಾಮದದಿಂದ ಬೀಗಿದವರೆದುರು ನಾಯಿಯ ಬಾಯಿಂದಲೇ ವೇದವನ್ನು ಹೇಳಿಸಿದನೆಂಬ ಪ್ರಸಿದ್ಧಿಯಿದೆ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರು ಮನುಷ್ಯಪಾತ್ರಗಳ ಹೆಸರನ್ನು ಮರೆತರೂ ಗುತ್ತಿಯ ನಾಯಿ ಹುಲಿಯನನ್ನು ಮರೆಯರು. ತುಂಗೆಯ ಪ್ರವಾಹದಲ್ಲಿ ಅದು ಕೊಚ್ಚಿಹೋಗುವ ಪ್ರಸಂಗದಲ್ಲಿ ಕಣ್ಣು ಒದ್ದೆಯಾಗದ ಓದುಗನು ವಿರಳ. ಪೂರ್ಣಚಂದ್ರ ತೇಜಸ್ವಿಯವರ ಬರಹಗಳಲ್ಲಿ ಬರುವ ‘ಕಿವಿ’ ಎಂಬ ನಾಯಿಯೂ ಕನ್ನಡಿಗರ ಮನೆಮಾತಾಗಿದೆ.

ಇನ್ನು ಮಹಾಭಾರತವನ್ನು ನೋಡಬಹುದು. ಆ ಮಹಾಗ್ರಂಥದ ಕೊನೆಯಲ್ಲಿ ಧರ್ಮರಾಯನು ತನ್ನನ್ನು ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಲ್ಲೆನೆಂದ ಕಥೆ ಸರ್ವವಿದಿತ. ಅದರ ಆರಂಭದಲ್ಲಿಯೂ ಒಂದು ನಾಯಿಯ ಕಥೆಯಿದೆಯೆಂಬುದನ್ನು ಬಲ್ಲವರು ಕಡಮೆ. ಕುರುಕ್ಷೇತ್ರದಲ್ಲಿ ಜನಮೇಜಯನು ಸತ್ರಯಾಗದಲ್ಲಿ ತೊಡಗಿದ್ದಾಗ ದೇವಶುನಿಯಾದ ಸರಮೆಯ ಮರಿ ಅಲ್ಲಿಗೆ ಬಂದಿತು. ಜನಮೇಜಯನ ತಮ್ಮಂದಿರು ಅದನ್ನು ಹೊಡೆದರು. ಅಳುತ್ತ ಬಂದ ಮರಿಯನ್ನು ತಾಯಿ ವಿಚಾರಿಸಿದಳು. ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲವೆಂದು ಮರಿ ಹೇಳಿತು. ಸರಮೆಯು ಯಜ್ಞಶಾಲೆಗೇ ಹೋಗಿ, ನಿರಪರಾಧಿಯನ್ನು ಏಕೆ ಹೊಡೆದಿರೆಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಕಾಣದ ಕಡೆಯಿಂದ ಭಯವು ನಿಮಗೆ ಬರಲೆಂದು ಅವಳು ಶಪಿಸಿದಳು. ಹೊಡೆತ ತಿಂದ ನಾಯಿಮರಿಯ ಅಳುವಿನಿಂದ ತೊಡಗಿ, ಕೈಬಿಡಲ್ಪಡದ ನಾಯಿಯ ಗೌರವದಲ್ಲಿ ಮುಗಿಯುವ ಆ ಕಥೆಯ ಮರ್ಮವನ್ನು ಉಪಾಧ್ಯಾಯರು ತರಗತಿಯಲ್ಲಿ ಬಿಡಿಸಿ ಹೇಳಬೇಕಾದುದು ಅಗತ್ಯ. ಹೊಡೆದ ರಾಜಕುಮಾರರ ಪಾಪಕ್ಕಿಂತ, ಸರಮೆಯ ಪ್ರಶ್ನೆಗೆ ಉತ್ತರ ಕೊಡದ ಸಭೆಯ ಮೌನವೇ ದೊಡ್ಡ ಪಾಪವಲ್ಲವೆ?

ಕಾವ್ಯಶಾಸನಗಳ ಮಾತಿರಲಿ, ನಾಯಿಗೆ ನಿಜವಾಗಿಯೂ ಭಾವನೆಗಳುಂಟೆ, ಅಥವಾ ಅನ್ನದ ಆಸೆಗೆ ಬಾಲವಾಡಿಸುವುದನ್ನೇ ಮಾನವನು ಪ್ರೀತಿಯೆಂದು ಭ್ರಮಿಸಿದ್ದಾನೆಯೆ ಎಂಬ ಪ್ರಶ್ನೆ ಏಳುವುದು ಸಹಜ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಡೇಕಾರ್ಟನು ಪ್ರಾಣಿಗಳನ್ನು ಗಡಿಯಾರದಂತಹ ಯಂತ್ರಗಳಿಗೆ ಹೋಲಿಸಿದನು. 1872ರಲ್ಲಿ ಡಾರ್ವಿನ್ನನು ಮಾನವನ ಮತ್ತು ಪ್ರಾಣಿಗಳ ಭಾವಪ್ರಕಾಶನವನ್ನು ಕುರಿತ ತನ್ನ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದು, ನಾಯಿಯ ಸಿಟ್ಟು, ಹೆದರಿಕೆ, ಅಕ್ಕರೆಗಳನ್ನು ಅದರ ಮೈಯ ನಿಲುವಿನಿಂದಲೇ ಓದಿ ತೋರಿಸಿದನು. ಅನಂತರ ಬಹುಕಾಲ ವಿಜ್ಞಾನಿಗಳು ಈ ವಿಷಯವನ್ನು ಮುಟ್ಟಲು ಹಿಂಜರಿದರು. ಆ ಹಿಂಜರಿಕೆ ಕಳೆದದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ.

ಹಂಗೆರಿಯ ಬುಡಾಪೆಸ್ಟ್ ನಗರದ ವಿಶ್ವವಿದ್ಯಾಲಯದಲ್ಲಿ 1994ರಿಂದ ಮನೆನಾಯಿಗಳ ಅಧ್ಯಯನ ಕ್ರಮಬದ್ಧವಾಗಿ ತೊಡಗಿತು. ಹಸುಗೂಸಿಗೂ ತಾಯಿಗೂ ಇರುವ ಅಂಟನ್ನು ಅಳೆಯಲು ಮನಶ್ಶಾಸ್ತ್ರಜ್ಞರು ಬಳಸುವ ಒಂದು ಪರೀಕ್ಷೆಯುಂಟು. ಅಪರಿಚಿತವಾದ ಕೋಣೆಯಲ್ಲಿ ತಾಯಿ ಕೆಲಹೊತ್ತು ಮರೆಯಾಗಿ ಮತ್ತೆ ಬಂದಾಗ ಮಗು ಹೇಗೆ ವರ್ತಿಸುವುದೆಂದು ನೋಡುವುದೇ ಆ ಪರೀಕ್ಷೆ. ಅಲ್ಲಿನ ವಿದ್ವಾಂಸರು ಅದನ್ನೇ ನಾಯಿಗಳಿಗೆ ಅನ್ವಯಿಸಿ 1998ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಒಡೆಯನು ಹತ್ತಿರವಿದ್ದಾಗ ನಾಯಿ ಧೈರ್ಯದಿಂದ ಆಡುತ್ತದೆ; ಅವನು ಹೋದಾಗ ಬಾಗಿಲ ಬಳಿ ನಿಲ್ಲುತ್ತದೆ; ಅಪರಿಚಿತನು ಎಷ್ಟೇ ಮುದ್ದಿಸಿದರೂ ಒಡೆಯನನ್ನು ಸ್ವಾಗತಿಸುವಂತೆ ಅವನನ್ನು ಸ್ವಾಗತಿಸದು. ಅನ್ನವೊಂದೇ ಕಾರಣವಾಗಿದ್ದರೆ ಅನ್ನವಿಲ್ಲದ ಆ ಕೋಣೆಯಲ್ಲಿ ಈ ವ್ಯತ್ಯಾಸಕ್ಕೆ ಎಡೆಯೆಲ್ಲಿ?

ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ನಾಯಿಯೂ ಅದರ ಒಡೆಯನೂ ಕಣ್ಣಿನಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿದಾಗ ಇಬ್ಬರ ಶರೀರದಲ್ಲಿಯೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚಿದುದನ್ನು ಅವರು ಕಂಡರು. ತಾಯಿಗೂ ಕೂಸಿಗೂ ನಡುವೆ ವಾತ್ಸಲ್ಯವನ್ನು ಬಲಪಡಿಸುವ ರಸವೂ ಇದೇ. ಮನುಷ್ಯರ ಕೈಯಲ್ಲಿ ಬೆಳೆದ ತೋಳಗಳಲ್ಲಿ ಈ ಬಗೆಯ ಬದಲಾವಣೆ ಕಾಣಲಿಲ್ಲ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಗ್ರೆಗರಿ ಬರ್ನ್ಸ್ ಎಂಬ ವಿಜ್ಞಾನಿ 2012ರಿಂದ ನಾಯಿಗಳನ್ನು ಕಟ್ಟಿಹಾಕದೆ, ಮದ್ದು ಕೊಡದೆ, ಮಿದುಳಿನ ಚಿತ್ರವನ್ನು ತೆಗೆಯುವ ಯಂತ್ರದಲ್ಲಿ ತಾವಾಗಿಯೇ ಅಲುಗದೆ ಮಲಗುವಂತೆ ಪಳಗಿಸಿದರು. ಪರಿಚಿತ ಮನುಷ್ಯನ ವಾಸನೆಯಷ್ಟರಿಂದಲೇ ನಾಯಿಯ ಮಿದುಳಿನಲ್ಲಿ ಸುಖದ ನಿರೀಕ್ಷೆಗೆ ಸಂಬಂಧಿಸಿದ ಭಾಗ ಜಾಗೃತವಾಗುವುದನ್ನು ಅವರ ತಂಡ ಕಂಡಿತು. ವಿಯೆನ್ನಾದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಉಪಾಧ್ಯಾಯರಿಗೆ ವಿಶೇಷವಾಗಿ ರುಚಿಸುವಂತಹುದು: ಎರಡು ನಾಯಿಗಳು ಮುಂಗಾಲನ್ನು ಕೊಟ್ಟಾಗ ಒಂದಕ್ಕೆ ಮಾತ್ರ ತಿನಿಸು ಕೊಟ್ಟರೆ, ಪಡೆಯದ ನಾಯಿ ಕೆಲವು ಸಲದ ಮೇಲೆ ಕಾಲು ಕೊಡುವುದನ್ನೇ ನಿಲ್ಲಿಸುತ್ತದೆ. ಪಂಕ್ತಿಭೇದವು ನಾಯಿಗೂ ತಿಳಿಯುತ್ತದೆಂದ ಮೇಲೆ ಮಕ್ಕಳಿಗೆ ತಿಳಿಯದೆ ಇದ್ದೀತೆ?

ಹಾಗೆಂದು ನಾಯಿಯನ್ನು ಮನುಷ್ಯನೇ ಎಂದು ಬಗೆಯುವುದೂ ತಪ್ಪು. ಚಪ್ಪಲಿಯನ್ನು ಕಡಿದುಹಾಕಿದ ನಾಯಿ ತಲೆ ತಗ್ಗಿಸಿ ಕಣ್ಣು ತಪ್ಪಿಸಿದಾಗ ಮನೆಯವರು, ತಪ್ಪಿನ ಅರಿವಾಗಿದೆ ಎನ್ನುವುದುಂಟು. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿ ನಡೆಸಿದ ಪರೀಕ್ಷೆಯಿಂದ ತಿಳಿದುಬಂದುದೇನೆಂದರೆ, ಆ ಮುಖಭಾವ ತಪ್ಪು ಮಾಡಿದ್ದರಿಂದ ಬಂದುದಲ್ಲ, ಒಡೆಯನು ಗದರಿದ್ದರಿಂದ ಬಂದುದು. ತಪ್ಪು ಮಾಡದ ನಾಯಿಯೂ ಗದರಿಕೆಗೆ ಹಾಗೆಯೇ ಕುಗ್ಗಿತು. ಪಶ್ಚಾತ್ತಾಪವೆಂದು ತೋರಿದುದು ಭಯವಾಗಿತ್ತು. ದಂಡವನ್ನು ಹಿಡಿದವರು ಇದರಿಂದ ಕಲಿಯಬೇಕಾದ ಪಾಠ ನಾಯಿಗಷ್ಟೇ ಸಂಬಂಧಿಸಿದುದಲ್ಲ. ನಾಯಿಗೆ ಭಾವನೆಗಳುಂಟು, ಆದರೆ ಅವು ನಾಯಿಯ ಭಾವನೆಗಳು. ಅವುಗಳನ್ನು ಅಲ್ಲಗಳೆಯುವುದು ಒಂದು ಬಗೆಯ ಅಜ್ಞಾನ. ಅವುಗಳ ಮೇಲೆ ಮನುಷ್ಯನ ಮುಖವಾಡವನ್ನು ತೊಡಿಸುವುದು ಇನ್ನೊಂದು ಬಗೆಯ ಅಜ್ಞಾನ.

ಅಗಲಿಕೆಯ ಸಂದರ್ಭದಲ್ಲಿ ಈ ಭಾವನೆಗಳು ಅತ್ಯಂತ ಸ್ಫುಟವಾಗಿ ಪ್ರಕಟವಾಗುತ್ತವೆ. ಟೋಕಿಯೋ ನಗರದ ಪ್ರಾಧ್ಯಾಪಕರಾದ ಉಯೆನೊ ಎಂಬವರ ನಾಯಿ ಹಾಚಿಕೊ, ಒಡೆಯನು 1925ರ ಮೇ ತಿಂಗಳಲ್ಲಿ ತೀರಿಕೊಂಡ ಮೇಲೆಯೂ ಶಿಬುಯಾ ರೈಲು ನಿಲ್ದಾಣಕ್ಕೆ ಹೋಗಿ ಕಾಯುತ್ತಿತ್ತು. 1935ರ ಮಾರ್ಚಿಯಲ್ಲಿ ತಾನು ಸಾಯುವವರೆಗೂ ಆ ವ್ರತವನ್ನು ಬಿಡಲಿಲ್ಲ. ಅದರ ಪ್ರತಿಮೆ ಅದು ಬದುಕಿರುವಾಗಲೇ 1934ರಲ್ಲಿ ಸ್ಥಾಪಿತವಾಯಿತು. ಅಷ್ಟು ದೂರವೇಕೆ? ಹಳ್ಳಿಯ ಬಡ ಮನೆಯ ಬಾಲಕನು ಓದಿಗಾಗಿ ಮಠದ ಪ್ರಸಾದನಿಲಯಕ್ಕೆ ಸೇರಲು ಟ್ರಂಕನ್ನು ಹೊತ್ತು ಬಸ್ಸು ಹತ್ತುವ ದಿನ ಅವನ ಹಿಂದೆ ಊರಗಡಿಯವರೆಗೆ ಬರುವುದು ಯಾವುದು? ತಾಯಿ ಕಣ್ಣೊರೆಸಿಕೊಂಡು ಮನೆಗೆ ಹಿಂದಿರುಗಿದ ಮೇಲೆಯೂ ಧೂಳು ಅಡಗುವವರೆಗೆ ದಾರಿಯಲ್ಲಿ ನಿಂತಿರುವುದು ಯಾವುದು? ದೀಪಾವಳಿಯ ರಜೆಗೆ ಅವನು ಬಂದಿಳಿದಾಗ ಮನೆಯವರಿಗಿಂತ ಮೊದಲು ಅವನ ಹೆಜ್ಜೆಯ ಸಪ್ಪಳವನ್ನು ಗುರುತಿಸುವುದು ಯಾವುದು? ಈ ಸಂಪುಟವನ್ನು ಕೈಯಲ್ಲಿ ಹಿಡಿದಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಆ ಕಣ್ಣುಗಳನ್ನು ಬಲ್ಲರು.

ನಾಯಿಯ ಆಯುಷ್ಯ ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ. ಮಗುವು ಒಂದನೆಯ ತರಗತಿಗೆ ಸೇರಿದ ವರ್ಷ ಮನೆಗೆ ಬಂದ ಮರಿ, ಅದೇ ಮಗು ಕಾಲೇಜಿಗೆ ಹೋಗುವ ಹೊತ್ತಿಗೆ ಮುದಿಯಾಗಿ ಕಣ್ಣು ಮುಚ್ಚುತ್ತದೆ. ಎಷ್ಟೋ ಮಕ್ಕಳಿಗೆ ಮರಣವೆಂಬುದರ ಮೊದಲನೆಯ ಪರಿಚಯ ಆಗುವುದು ಹೀಗೆ. ಅಂತಹ ಮಗು ಪಾಠದ ನಡುವೆ ತಲೆ ತಗ್ಗಿಸಿ ಕುಳಿತಾಗ, “ನಾಯಿ ಸತ್ತರೆ ಯಾರಾದರೂ ಅಳುತ್ತಾರೇನೋ?” ಎಂದು ನಗುವ ಉಪಾಧ್ಯಾಯನು ಒಂದು ಕೋಮಲವಾದ ಬಾಗಿಲನ್ನು ಶಾಶ್ವತವಾಗಿ ಮುಚ್ಚಿಬಿಡುತ್ತಾನೆ. ಮರುದಿನ ನೆರೆಯವನ ದುಃಖವನ್ನು ಕಂಡು ಆ ಮಗು ನಕ್ಕರೆ ಅದಕ್ಕೆ ಹೊಣೆ ಯಾರು? ಅಳುವ ಮಗುವಿನ ಹೆಗಲ ಮೇಲೆ ಕೈಯಿಟ್ಟು, ಸತ್ತ ನಾಯಿಯ ಹೆಸರನ್ನು ಕೇಳುವ ಉಪಾಧ್ಯಾಯನು ನೀತಿಪಾಠದ ನೂರು ಪುಟಗಳ ಕೆಲಸವನ್ನು ಒಂದು ಗಳಿಗೆಯಲ್ಲಿ ಮಾಡಿ ಮುಗಿಸುತ್ತಾನೆ.

ಮನುಷ್ಯರಿಗೇ ಅನ್ನವಿಲ್ಲದಿರುವ ನಾಡಿನಲ್ಲಿ ನಾಯಿಯ ಮಾತೇಕೆ ಎಂಬ ಆಕ್ಷೇಪಣೆಯುಂಟು. ಅದು ಹಗುರವಾದ ಆಕ್ಷೇಪಣೆಯಲ್ಲ. ವಿದೇಶೀ ತಳಿಯ ನಾಯಿಗೆ ಮಾಂಸವನ್ನುಣಿಸಿ, ಅದನ್ನು ನೋಡಿಕೊಳ್ಳುವ ಆಳಿಗೆ ಹಳಸಿದ ಅನ್ನವನ್ನು ಕೊಡುವ ಮನೆಗಳಿವೆ. ಅಲ್ಲಿರುವುದು ಪ್ರಾಣಿಪ್ರೀತಿಯಲ್ಲ, ಡಂಭಾಚಾರ. ಆದರೆ ಕರುಣೆಯೆಂಬುದು ಅಳೆದು ಹಂಚಿದಂತೆ ಬರಿದಾಗುವ ಕಣಜದ ಕಾಳಲ್ಲ. ಸೇದಿದಷ್ಟೂ ಊರುವ ಬಾವಿಯ ಒರತೆ. ನಾಯಿಗೆ ಕಲ್ಲೆಸೆದು ಕಲಿತ ಕೈ ಮನುಷ್ಯನ ಮೇಲೆ ಏಳಲು ಹೆಚ್ಚು ಕಾಲ ಬೇಕಿಲ್ಲ. ವಿದ್ಯಾವಿನಯಸಂಪನ್ನನಲ್ಲಿಯೂ ನಾಯಿಯಲ್ಲಿಯೂ ಸಮದೃಷ್ಟಿಯುಳ್ಳವನೇ ಪಂಡಿತನೆಂದು ಭಗವದ್ಗೀತೆಯ ಐದನೆಯ ಅಧ್ಯಾಯದಲ್ಲಿ ಹೇಳಿದೆ. ಆ ಪದವಿಯನ್ನು ಹೆಸರಿನ ಹಿಂದೆ ಧರಿಸಿದವರು ಅದರ ಲಕ್ಷಣವನ್ನೂ ನೆನೆಯುವುದು ಒಳ್ಳೆಯದು.

ಮಾನವನ ಪ್ರೀತಿ ಬಾಯಿಮಾತಾಗದಿರಬೇಕಾದರೆ ಅದು ಹೊಣೆಗಾರಿಕೆಯಾಗಬೇಕು. ಮರಿಯಾಗಿದ್ದಾಗ ಮುದ್ದಾಡಿ, ವರ್ಗವಾದಾಗಲೋ ಮುದಿಯಾದಾಗಲೋ ಊರಹೊರಗೆ ಬಿಟ್ಟುಬರುವುದು ಕೇವಲ ಅಸಡ್ಡೆಯಲ್ಲ, ವಿಶ್ವಾಸಘಾತ; ನಿಲ್ದಾಣದಲ್ಲಿ ಹಾಚಿಕೊ ಕಾದಂತೆ ಬಿಟ್ಟುಹೋದ ತಿರುವಿನಲ್ಲಿ ಆ ನಾಯಿಯೂ ಕಾಯುತ್ತದೆ. ಓಡಲೆಂದೇ ಹುಟ್ಟಿದ ಮುಧೋಳದ ನಾಯಿಯನ್ನು ಪಟ್ಟಣದ ಇಕ್ಕಟ್ಟಾದ ಮೆಟ್ಟಿಲಡಿಯಲ್ಲಿ ಸರಪಳಿಯಿಂದ ಬಿಗಿಯುವುದು ಹಿಂಸೆಯೇ ಸರಿ. 2005ರಲ್ಲಿ ಭಾರತದ ಅಂಚೆ ಇಲಾಖೆಯು ಆ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದು ಗೌರವಿಸಿತು; ಬಾಗಲಕೋಟೆ ಜಿಲ್ಲೆಯ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದ ಆ ಪ್ರಾಣಿಗೆ ಮೆಟ್ಟಿಲಡಿಯ ಕತ್ತಲೆ ಸಲ್ಲದು.

ಭಯದ ಮಾತನ್ನೂ ಮರೆಯುವಂತಿಲ್ಲ. ಬೀದಿನಾಯಿಗಳ ಕಡಿತಕ್ಕೆ ಹೆಚ್ಚಾಗಿ ಗುರಿಯಾಗುವವರು ಕಾಲುನಡಿಗೆಯಲ್ಲಿ ಶಾಲೆಗೆ ಹೋಗುವ ಬಡ ಮಕ್ಕಳು. ಹುಚ್ಚುನಾಯಿ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯವೆಂದೇ ಹೇಳಬೇಕು. ಆದರೆ ಕಡಿದ ಕೂಡಲೇ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಯಲ್ಲಿ ಲಸಿಕೆಯನ್ನು ಹಾಕಿಸಿಕೊಂಡರೆ ಪ್ರಾಣಾಪಾಯ ತಪ್ಪುತ್ತದೆ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿದುಬೀಳುವುದೆಂದು ತಜ್ಞರು ತಿಳಿಸಿದ್ದಾರೆ. 2023ರ ಕೇಂದ್ರ ನಿಯಮಗಳು ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ದಾರಿಯನ್ನೇ ವಿಧಿಸಿದವು. 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದಿಲ್ಲಿಯ ಬೀದಿನಾಯಿಗಳನ್ನು ಕುರಿತು ಮೊದಲು ಕಠಿನವಾದ ಆಜ್ಞೆಯನ್ನಿತ್ತು, ಹನ್ನೊಂದೇ ದಿನಗಳ ಮೇಲೆ ಅದನ್ನು ತಿದ್ದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ಸು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸಲು ಆದೇಶಿಸಿತು. ನಾಡಿನ ಅತ್ಯುನ್ನತ ನ್ಯಾಯಪೀಠವೇ ಇಷ್ಟು ಯೋಚಿಸಬೇಕಾಗಿ ಬಂದ ಸಮಸ್ಯೆಯನ್ನು ದೊಣ್ಣೆ ಮತ್ತು ವಿಷದಿಂದ ಬಗೆಹರಿಸಹೊರಡುವುದು ಅವಿವೇಕ. ಮಗುವಿನ ಪ್ರಾಣವೂ ಉಳಿಯಬೇಕು, ನಾಯಿಯ ಪ್ರಾಣಕ್ಕೂ ಬೆಲೆಯಿರಬೇಕು. ಶಾಲೆಗೆ ಕಟ್ಟಡವನ್ನು ಕಟ್ಟಿಸಿಕೊಡುವ ದಾನಿಗಳು ಒಂದು ಆವರಣದ ಗೋಡೆಗೂ ಊರಿನ ನಾಯಿಗಳ ಲಸಿಕೆಗೂ ಕೈ ನೀಡಿದರೆ ಆ ದಾನವು ಎರಡು ಜೀವಗಳನ್ನು ಕಾಯುತ್ತದೆ. ಆತಕೂರಿನವರು ಸತ್ತ ನಾಯಿಗೆ ಗದ್ದೆಯನ್ನು ಬಿಟ್ಟರು. ಬದುಕಿರುವ ನಾಯಿಗೆ ಒಂದು ಸೂಜಿಮದ್ದು ಹೆಚ್ಚಿನದೆ?

ಚಾಣಕ್ಯನ ಹೆಸರಿನಲ್ಲಿರುವ ನೀತಿಗ್ರಂಥವು ಮನುಷ್ಯನು ನಾಯಿಯಿಂದ ಆರು ಗುಣಗಳನ್ನು ಕಲಿಯಬೇಕೆನ್ನುತ್ತದೆ. ಹೆಚ್ಚು ಉಣ್ಣುವ ಶಕ್ತಿ, ಅಲ್ಪದಲ್ಲಿಯೂ ತೃಪ್ತಿ, ಗಾಢವಾದ ನಿದ್ರೆ, ಒಡನೆಯೇ ಎಚ್ಚರ, ಸ್ವಾಮಿಭಕ್ತಿ, ಶೌರ್ಯ: ಇವು ಆ ಗುಣಗಳು. ಕಲಿಯಬೇಕಾದುದನ್ನು ಇಷ್ಟೊಂದು ಇಟ್ಟುಕೊಂಡಿರುವ ಪ್ರಾಣಿಗೆ ಮನುಷ್ಯನು ಹಿಂದಿರುಗಿ ಕೊಡಬೇಕಾದುದು ಬಹಳವಿಲ್ಲ. ಹೊತ್ತಿಗೆ ಒಂದು ತುತ್ತು, ಬೇಸಗೆಯಲ್ಲಿ ಒಂದು ಬೋಗುಣಿ ನೀರು, ರೋಗದಲ್ಲಿ ಮದ್ದು, ಮುಪ್ಪಿನಲ್ಲಿ ಒಂದು ಗೋಣಿತಾಟಿನ ಹಾಸು, ಕೊನೆಗಾಲದಲ್ಲಿ ತಲೆಯ ಮೇಲೆ ಒಂದು ಕೈ. ಇಷ್ಟನ್ನು ಕೊಟ್ಟ ಮನೆಯಲ್ಲಿ ಪಾಣಿನಿಯ ಕೌಲೇಯಕ ಶಬ್ದವು ಸಾರ್ಥಕವಾಗುತ್ತದೆ. ಯಜ್ಞಶಾಲೆಯ ಬಾಗಿಲಲ್ಲಿ ನಿಂತು ಸರಮೆಯು ಕೇಳಿದ ಪ್ರಶ್ನೆ ಇನ್ನೂ ಉತ್ತರಕ್ಕಾಗಿ ಕಾದಿದೆ. ಅದಕ್ಕೆ ತಲೆಯೆತ್ತಿ ಉತ್ತರ ಕೊಡಬಲ್ಲ ಮಕ್ಕಳು ವಿದ್ಯಾಮಂದಿರಗಳಿಂದ ಹೊರಬರುವಂತಾಗಲಿ.